ಉಗಿ ಕೊಳವೆಗೂ ತಣ್ಣೀರಿನ ಕೊಳವೆಗೂ ಒಂದೇ ಉಷ್ಣನಿರೋಧಕ ಹೊದಿಕೆ ಸಾಕೇ?

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಹೊಸದಾಗಿ ಎರಡು ಕೊಳವೆ ಮಾರ್ಗಗಳನ್ನು ಹಾಕುತ್ತಿದ್ದೇವೆ. ಒಂದು, ಬಾಯ್ಲರ್‌ನಿಂದ 10 ಬಾರ್ ಗೇಜ್ ಒತ್ತಡದ ಉಗಿಯನ್ನು ಒಯ್ಯುವ 100 ಮಿ.ಮೀ. ಕಾರ್ಬನ್ ಸ್ಟೀಲ್ ಪೈಪ್. ಇನ್ನೊಂದು, ಅದೇ ಅಳತೆಯ, 6 ಡಿಗ್ರಿ ಸೆಲ್ಸಿಯಸ್‌ನ ಚಿಲ್ಡ್ ವಾಟರ್ ಪೈಪ್. ಎರಡೂ ಮಳೆ ಬಿಸಿಲಿಗೆ ತೆರೆದ ಪೈಪ್ ರ್ಯಾಕ್ ಮೇಲೆ ಸಾಗುತ್ತವೆ. ಎರಡಕ್ಕೂ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹಾಸು) ಸುತ್ತಿ ಅಲ್ಯೂಮಿನಿಯಂ ತಗಡು ಹೊದಿಸಿದರೆ ಸಾಕೆಂದು ಗುತ್ತಿಗೆದಾರರು ಹೇಳುತ್ತಾರೆ. ಆದರೆ ಹೀಗೆಯೇ ಮಾಡಿದ್ದ ಹಳೆಯ ಮಾರ್ಗವೊಂದರಲ್ಲಿ ತಗಡು ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಪೈಪ್ ಹಲವೆಡೆ ತುಕ್ಕು ಹಿಡಿದು ತೆಳುವಾಗಿರುವುದು ಕಂಡುಬಂದಿದೆ. ಯಾವ ವಸ್ತುವನ್ನು ಆರಿಸಬೇಕು, ಎಷ್ಟು ದಪ್ಪ ಬೇಕು, ಅಳವಡಿಸುವಾಗ ಯಾವುದರ ಮೇಲೆ ಕಣ್ಣಿಡಬೇಕು?

ಉತ್ತರ: ನಿಮ್ಮ ಹಳೆಯ ಮಾರ್ಗದ ತುಕ್ಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಮೂರು ಪ್ರಶ್ನೆಗಳ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ. ಉಷ್ಣನಿರೋಧಕ ವಸ್ತುಗಳ ಪೈಕಿ ಹೆಚ್ಚಿನವು ಕೆಲಸ ಮಾಡುವುದು ತಮ್ಮೊಳಗೆ ಹಿಡಿದಿಟ್ಟ, ಅಲುಗಾಡದ ಗಾಳಿಯ ಬಲದಿಂದ. ನಿಶ್ಚಲ ಗಾಳಿಯ ಉಷ್ಣವಾಹಕತೆ, ಅಂದರೆ ಶಾಖವನ್ನು ಹಾಯಗೊಡುವ ಗುಣ, ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್. ನೀರಿನದು ಸುಮಾರು 0.6, ಮಂಜುಗಡ್ಡೆಯದು 2.2. ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂದು ಕುಳಿತರೆ, ಕ್ಯಾಟಲಾಗ್‌ನಲ್ಲಿ ಅಚ್ಚಾದ ಅಂಕಿಗೂ ನಿಮ್ಮ ಪೈಪ್ ಮೇಲಿರುವ ವಸ್ತುವಿಗೂ ಸಂಬಂಧವೇ ಉಳಿಯುವುದಿಲ್ಲ. ಆದ್ದರಿಂದ ಗ್ಲಾಸ್‌ವೂಲೋ ರಾಕ್‌ವೂಲೋ (ಕಲ್ಲನ್ನು ಕರಗಿಸಿ ತೆಗೆದ ಎಳೆಗಳದ್ದು) ಎಂಬ ಚರ್ಚೆಗಿಂತ, ಆ ಹೊದಿಕೆ ಹತ್ತು ವರ್ಷದ ನಂತರವೂ ಒಣಗಿರುವಂತೆ ಏನು ಮಾಡಿದ್ದೇವೆ ಎಂಬ ಚರ್ಚೆ ಮೊದಲು ನಡೆಯಬೇಕು. ಗುತ್ತಿಗೆದಾರರ ಸಲಹೆಯಲ್ಲಿ ಕಾಣೆಯಾಗಿರುವುದು ಇದೇ.

ಹೊದಿಕೆಯೊಳಗಿನ ತುಕ್ಕಿನ ವಿಷಯದಲ್ಲಿ ಉದ್ಯಮವು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಪಾಯದ ವ್ಯಾಪ್ತಿ ಕಾರ್ಬನ್ ಸ್ಟೀಲ್‌ಗೆ ಮೈನಸ್ 4ರಿಂದ 175 ಡಿಗ್ರಿ ಸೆಲ್ಸಿಯಸ್‌ವರೆಗೆ ಇದೆ. 10 ಬಾರ್ ಗೇಜ್ ಒತ್ತಡದ ಸಂತೃಪ್ತ ಉಗಿಯ (ಆ ಒತ್ತಡದಲ್ಲಿ ನೀರು ಕುದಿಯುವ ತಾಪಮಾನದಲ್ಲೇ ಇರುವ ಉಗಿಯ) ತಾಪಮಾನ ಸುಮಾರು 184 ಡಿಗ್ರಿ. ಹಾಗಾದರೆ ನಮ್ಮ ಮಾರ್ಗ ಈ ವ್ಯಾಪ್ತಿಯ ಹೊರಗಿದೆ, ನೀರು ಒಳಗೆ ಬಂದರೂ ಕುದಿದು ಹೋಗುತ್ತದೆ ಎಂದು ಅನೇಕರು ನೆಮ್ಮದಿಯಿಂದ ಇರುತ್ತಾರೆ. ಇದು ತಪ್ಪು ಲೆಕ್ಕ. ಬಾಯ್ಲರ್ ನಿಲ್ಲಿಸಿದಾಗಲೆಲ್ಲ ಪೈಪ್ ತಣಿಯುತ್ತದೆ, ಮತ್ತೆ ಚಾಲೂ ಮಾಡಿದಾಗಲೆಲ್ಲ ಇಡೀ ಅಪಾಯದ ವಲಯವನ್ನು ದಾಟಿಕೊಂಡು ಮೇಲೇರುತ್ತದೆ. ಮಾರ್ಗ ಸತತವಾಗಿ ನಡೆಯುತ್ತಿದ್ದರೂ ಉಗಿ ಹರಿಯದ ಕವಲುಗಳು, ಡ್ರೈನ್ ಪೈಪುಗಳು, ಪೈಪ್ ಕೂರುವ ಆಧಾರದ ಶೂಗಳು ಮತ್ತು ಗೇಜ್‌ಗೆ ಹೋಗುವ ಸಣ್ಣ ನಳಿಕೆಗಳು ಮುಖ್ಯ ಪೈಪ್‌ಗಿಂತ ಬಹಳ ತಣ್ಣಗಿರುತ್ತವೆ. ಬಿಸಿ ಉಕ್ಕು, ಸಿಕ್ಕಿಬಿದ್ದ ನೀರು, ಆಮ್ಲಜನಕ ಮತ್ತು ಮಳೆಯೊಡನೆಯೋ ಕೂಲಿಂಗ್ ಟವರ್‌ನ ತುಂತುರಿನೊಡನೆಯೋ ಬಂದ ಕ್ಲೋರೈಡ್ ಒಂದೆಡೆ ಸೇರಿದಾಗ ತುಕ್ಕು ಹಿಡಿಯುವ ವೇಗ ತೆರೆದ ಪೈಪ್‌ನಲ್ಲಿ ಕಾಣುವುದಕ್ಕಿಂತ ಎಷ್ಟೋ ಹೆಚ್ಚು. ಮೇಲಿನ ತಗಡು ಅದನ್ನು ಮರೆಮಾಚುತ್ತದೆ, ಅಷ್ಟೆ.

ಈಗ ಆಯ್ಕೆಯ ವಿಷಯ. ವಸ್ತುವಿನ ಹೆಸರಿಗಿಂತ ಮೊದಲು ಪ್ರತಿ ಮಾರ್ಗದ ಮುಂದೆಯೂ ಅದರ ಉದ್ದೇಶವನ್ನು ಬರೆದಿಟ್ಟುಕೊಳ್ಳಬೇಕು. ಉಗಿ ಮಾರ್ಗದಲ್ಲಿ ಉದ್ದೇಶ ಇಂಧನದ ಉಳಿತಾಯ, ಉಗಿ ದಾರಿಯಲ್ಲೇ ತಣಿದು ನೀರು (ಕಂಡೆನ್ಸೇಟ್) ಆಗದಂತೆ ನೋಡಿಕೊಳ್ಳುವುದು ಮತ್ತು ಕೈ ತಾಗಿದವರಿಗೆ ಸುಡದಂತೆ ಕಾಯುವುದು. ಚಿಲ್ಡ್ ವಾಟರ್ ಮಾರ್ಗದಲ್ಲಿ ಇದೆಲ್ಲಕ್ಕಿಂತ ಮುಖ್ಯವಾದದ್ದು ಹೊರಮೈ ಮೇಲೆ ಮತ್ತು ಹೊದಿಕೆಯ ಒಳಗೆ ನೀರು ಸಾಂದ್ರಿಸದಂತೆ ತಡೆಯುವುದು. ಬಿಸಿ ಪೈಪ್ ತನ್ನ ಶಾಖದಿಂದ ತೇವವನ್ನು ಸ್ವಲ್ಪವಾದರೂ ಹೊರದಬ್ಬುತ್ತದೆ. ತಣ್ಣನೆಯ ಪೈಪ್ ಸುತ್ತಲಿನ ಗಾಳಿಯ ನೀರಾವಿಯನ್ನು ಹಗಲು ರಾತ್ರಿ ತನ್ನತ್ತ ಎಳೆಯುತ್ತಲೇ ಇರುತ್ತದೆ. ಒಂದಕ್ಕೆ ಒಪ್ಪುವ ಹೊದಿಕೆ ಇನ್ನೊಂದಕ್ಕೆ ಒಪ್ಪದಿರುವುದಕ್ಕೆ ಮೂಲ ಕಾರಣ ಇಷ್ಟೇ.

ಉಗಿ ಮಾರ್ಗಕ್ಕೆ ಗ್ಲಾಸ್‌ವೂಲ್ ಬಳಸಲೇಬಾರದೆಂದು ನಾನು ಹೇಳುವುದಿಲ್ಲ. 184 ಡಿಗ್ರಿಯನ್ನು ಒಳ್ಳೆಯ ಗ್ಲಾಸ್‌ವೂಲ್ ತಾಳಿಕೊಳ್ಳುತ್ತದೆ. ಆದರೆ ಹಾಸಿಗೆಯಂತಹ ಸಡಿಲ ವೂಲನ್ನು ತಂದು ಪೈಪ್‌ಗೆ ಸುತ್ತುವುದನ್ನು ಒಪ್ಪಬೇಡಿ. ಅದು ಮೇಲ್ಭಾಗದಲ್ಲಿ ಒತ್ತಿಕೊಂಡು ತೆಳುವಾಗುತ್ತದೆ, ಕೆಳಭಾಗದಲ್ಲಿ ಜೋತುಬಿದ್ದು ಪೈಪ್‌ನಿಂದ ದೂರ ಸರಿಯುತ್ತದೆ. ಪೈಪ್‌ನ ಹೊರವ್ಯಾಸಕ್ಕೆ ಸರಿಯಾಗಿ ಅಚ್ಚಿನಲ್ಲಿ ತಯಾರಾದ ರಾಕ್‌ವೂಲ್ ಪೈಪ್ ಸೆಕ್ಷನ್‌ಗಳು ನಿಮ್ಮ ಸಂದರ್ಭಕ್ಕೆ ಹೆಚ್ಚು ಸೂಕ್ತ. ನೀರನ್ನು ದೂರವಿಡುವ ಸಂಸ್ಕರಣೆ ಆಗಿರುವ ದರ್ಜೆಯನ್ನೇ ಕೇಳಿ ಪಡೆಯಿರಿ. ಇಲ್ಲೊಂದು ಸೂಕ್ಷ್ಮವಿದೆ: ವೂಲ್‌ನ ಎಳೆಗಳನ್ನು ಹಿಡಿದಿಡುವ ರಾಳವೂ ನೀರು ತಡೆಯುವ ಎಣ್ಣೆಯೂ ಸುಮಾರು 200ರಿಂದ 250 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟುಹೋಗತೊಡಗುತ್ತವೆ. ನಿಮ್ಮ ಮಾರ್ಗ ಅದಕ್ಕಿಂತ ಕೆಳಗಿರುವುದರಿಂದ ಈ ಗುಣ ಬಹುಮಟ್ಟಿಗೆ ಉಳಿಯುತ್ತದೆ. 300 ಡಿಗ್ರಿಯ ಅತಿತಪ್ತ ಉಗಿ ಮಾರ್ಗವಾಗಿದ್ದರೆ ಪೈಪ್‌ಗೆ ತಾಗಿದ ಒಳಪದರದಲ್ಲಿ ಆ ಭರವಸೆಯನ್ನು ಇಟ್ಟುಕೊಳ್ಳುವಂತಿಲ್ಲ.

ಜನ ಪೈಪ್ ಮೇಲೆ ಹತ್ತಿ ನಡೆಯುವ ಸ್ಥಳಗಳಿದ್ದರೆ, ಅಷ್ಟು ಭಾಗಕ್ಕಾದರೂ ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ಪರ್ಲೈಟ್‌ನಂತಹ ಗಟ್ಟಿ ವಸ್ತುವನ್ನು ಬಳಸಬಹುದು. ಎರಡೂ ಸುಮಾರು 650 ಡಿಗ್ರಿಯವರೆಗೆ ತಾಳುತ್ತವೆ. ಕ್ಯಾಲ್ಸಿಯಂ ಸಿಲಿಕೇಟ್ ಭಾರಕ್ಕೆ ಬಗ್ಗುವುದಿಲ್ಲ, ಆದರೆ ನೀರನ್ನು ಧಾರಾಳವಾಗಿ ಹೀರುತ್ತದೆ. ಮಳೆಯಲ್ಲಿ ನೆನೆದ ತುಂಡುಗಳನ್ನು ಒಣಗಿಸಿ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪದಿರುವುದು ಕ್ಷೇಮ. ಏರೋಜೆಲ್ ಹಾಸುಗಳ ಉಷ್ಣವಾಹಕತೆ ಸಾಮಾನ್ಯ ತಾಪಮಾನದಲ್ಲಿ 0.020ರ ಆಸುಪಾಸಿನಲ್ಲಿದ್ದು, ಪೈಪುಗಳ ನಡುವೆ ಜಾಗವೇ ಇಲ್ಲದ ಕಡೆ ಉಪಯುಕ್ತವಾಗುತ್ತವೆ. ಜಾಗವಿರುವ ರ್ಯಾಕ್ ಮೇಲೆ ಅಷ್ಟು ದುಬಾರಿ ವಸ್ತುವನ್ನು ಹಾಕಲು ನನಗೆ ಕಾರಣ ಕಾಣುವುದಿಲ್ಲ.

ಉಷ್ಣವಾಹಕತೆಯ ಅಂಕಿಯನ್ನು ಓದುವಾಗ ಅದು ಯಾವ ಸರಾಸರಿ ತಾಪಮಾನಕ್ಕೆ ಕೊಟ್ಟದ್ದು ಎಂದು ನೋಡದೆ ಮುಂದೆ ಹೋಗಬೇಡಿ. 24 ಡಿಗ್ರಿಯ ಸರಾಸರಿಯಲ್ಲಿ 0.036 ಇರುವ ರಾಕ್‌ವೂಲ್, ಪೈಪ್‌ನ ಮೈ ಮತ್ತು ಹೊರಮೈಗಳ ಸರಾಸರಿಯಾದ 110 ಡಿಗ್ರಿಯ ಸುಮಾರಿಗೆ 0.046ರಷ್ಟಾಗುತ್ತದೆ. ಮೊದಲ ಅಂಕಿಯಿಂದ ಲೆಕ್ಕ ಮಾಡಿದ ದಪ್ಪ ಕಾಗದದ ಮೇಲೆ ಮಾತ್ರ ಸಾಲುತ್ತದೆ.

ನಿಮ್ಮ ಉಗಿ ಪೈಪ್‌ನ ಹೊರವ್ಯಾಸ 114.3 ಮಿ.ಮೀ. ಎಂದೂ ಸುತ್ತಲಿನ ಗಾಳಿ 30 ಡಿಗ್ರಿಯಲ್ಲಿ ನಿಶ್ಚಲವಾಗಿದೆ ಎಂದೂ ಇಟ್ಟುಕೊಂಡು ನಾನು ಅಂದಾಜು ಲೆಕ್ಕ ಹಾಕಿದ್ದೇನೆ. ಹೊದಿಕೆಯಿಲ್ಲದ ಪೈಪ್ ಪ್ರತಿ ಮೀಟರ್ ಉದ್ದಕ್ಕೆ 1,000 ವ್ಯಾಟ್‌ಗೂ ಹೆಚ್ಚು ಶಾಖವನ್ನು ಕಳೆದುಕೊಳ್ಳುತ್ತದೆ. 25 ಮಿ.ಮೀ. ರಾಕ್‌ವೂಲ್ ಹಾಕಿದರೆ ಅದು ಸುಮಾರು 95 ವ್ಯಾಟ್‌ಗೆ ಇಳಿಯುತ್ತದೆ, 50 ಮಿ.ಮೀ.ಗೆ ಸುಮಾರು 62, 75 ಮಿ.ಮೀ.ಗೆ 49, 100 ಮಿ.ಮೀ.ಗೆ 42. ಮೊದಲ 25 ಮಿ.ಮೀ. ಉಳಿಸುವುದು ಒಂಬತ್ತು ನೂರಕ್ಕೂ ಮಿಕ್ಕಿ, ಕೊನೆಯ 25 ಮಿ.ಮೀ. ಉಳಿಸುವುದು ಏಳು ವ್ಯಾಟ್ ಮಾತ್ರ. ಸುರಕ್ಷತೆಗಾಗಿ ಹೊರಮೈ 60 ಡಿಗ್ರಿ ಮೀರಬಾರದೆಂಬ ಸಾಮಾನ್ಯ ಮಿತಿಯನ್ನು 50 ಮಿ.ಮೀ. ಸುಲಭವಾಗಿ ಪೂರೈಸುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮಗೆ 50 ಮಿ.ಮೀ. ಕನಿಷ್ಠ, ವರ್ಷವಿಡೀ ನಡೆಯುವ ಮಾರ್ಗವಾಗಿದ್ದರೆ 75 ಮಿ.ಮೀ. ಸಮಂಜಸ. ಅದಕ್ಕಿಂತ ದಪ್ಪ ಹಾಕುವ ಹಣವನ್ನು ವಾಲ್ವ್ ಮತ್ತು ಫ್ಲಾಂಜ್‌ಗಳ (ಪೈಪುಗಳನ್ನು ಬೋಲ್ಟ್‌ಗಳಿಂದ ಜೋಡಿಸುವ ಅಂಚುಬಳೆಗಳ) ಹೊದಿಕೆಗೆ ವ್ಯಯಿಸಿದರೆ ಹೆಚ್ಚು ಫಲ ಸಿಗುತ್ತದೆ. ಬೆತ್ತಲೆ ಬಿಟ್ಟ ಒಂದು ಜೊತೆ ಫ್ಲಾಂಜ್ ಸುಮಾರು ಅರ್ಧ ಮೀಟರ್ ಬೆತ್ತಲೆ ಪೈಪ್‌ನಷ್ಟೂ, ಒಂದು ವಾಲ್ವ್ ಸುಮಾರು ಒಂದು ಮೀಟರ್ ಅಥವಾ ಅದಕ್ಕೂ ಹೆಚ್ಚು ಪೈಪ್‌ನಷ್ಟೂ ಶಾಖ ಕಳೆಯುತ್ತದೆ ಎಂಬುದು ಒಪ್ಪಿತ ಅಂದಾಜು. ಮೇಲಿನ ಲೆಕ್ಕದೊಂದಿಗೆ ಜೋಡಿಸಿ ನೋಡಿದರೆ, 50 ಮಿ.ಮೀ. ಹೊದಿಸಿದ ಹದಿನೈದು ಮೀಟರ್‌ಗೂ ಹೆಚ್ಚು ಉದ್ದದ ಪೈಪ್ ಕಳೆಯುವಷ್ಟನ್ನು ಒಂದೇ ಒಂದು ಬೆತ್ತಲೆ ವಾಲ್ವ್ ಕಳೆಯುತ್ತದೆ. ಗಾಳಿ ಬೀಸುವ ಬಯಲಿನಲ್ಲಿ ಬೆತ್ತಲೆ ಭಾಗಗಳ ನಷ್ಟ ಇನ್ನೂ ಏರುತ್ತದೆ. ನಿಖರವಾದ ಲೆಕ್ಕಕ್ಕೆ ಐಎಸ್‌ಒ 12241 ಅಥವಾ ಎಎಸ್‌ಟಿಎಂ ಸಿ 680 ಕ್ರಮವನ್ನು ಅನುಸರಿಸುವಂತೆ ವಿನ್ಯಾಸಕರಿಗೆ ಹೇಳಿ.

ಹೊರ ತಗಡಿನ ಹೊಳಪಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಇದರಲ್ಲಿ ಬಹಳ ಮಂದಿ ಎಡವುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ವಿಕಿರಣದ ಮೂಲಕ ಶಾಖವನ್ನು ಕಡಿಮೆ ಬಿಡುತ್ತದೆ, ಆದ್ದರಿಂದ ಅದೇ ದಪ್ಪದ ಹೊದಿಕೆಯ ಮೇಲೆ ಹೊಳೆಯುವ ತಗಡು ಬಣ್ಣ ಬಳಿದ ತಗಡಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ನಿಮ್ಮ 50 ಮಿ.ಮೀ. ಹೊದಿಕೆಯಲ್ಲಿ ಹೊಳೆಯುವ ತಗಡು ಸುಮಾರು 48 ಡಿಗ್ರಿಯಲ್ಲಿದ್ದರೆ ಬಣ್ಣದ ತಗಡು ಸುಮಾರು 40 ಡಿಗ್ರಿಯಲ್ಲಿರುತ್ತದೆ, ಆದರೆ ಎರಡರ ಶಾಖ ನಷ್ಟದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಕೈಯಿಂದ ಮುಟ್ಟಿ ನೋಡಿ ಹೊದಿಕೆಯ ಗುಣವನ್ನು ಅಳೆಯುವ ಪದ್ಧತಿ ಈ ಕಾರಣಕ್ಕೇ ನಂಬಲರ್ಹವಲ್ಲ.

ತಣ್ಣನೆಯ ಮಾರ್ಗದಲ್ಲಿ ಇದೇ ಗುಣ ತಿರುಗಿ ಹೊಡೆಯುತ್ತದೆ. ಹೊಳೆಯುವ ತಗಡು ಸುತ್ತಲಿನಿಂದ ಶಾಖವನ್ನು ಕಡಿಮೆ ಪಡೆಯುವುದರಿಂದ ಅದರ ಮೈ ಹೆಚ್ಚು ತಣ್ಣಗಿದ್ದು, ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನಕ್ಕೆ, ಅಂದರೆ ಇಬ್ಬನಿ ಬಿಂದುವಿಗೆ, ಬೇಗ ಇಳಿಯುತ್ತದೆ. ಗಾಳಿ 32 ಡಿಗ್ರಿ ಮತ್ತು 85 ಶೇಕಡಾ ಆರ್ದ್ರತೆಯಲ್ಲಿದ್ದರೆ ಇಬ್ಬನಿ ಬಿಂದು ಸುಮಾರು 29 ಡಿಗ್ರಿ. ಅಂದರೆ ಹೊರಮೈ ಗಾಳಿಗಿಂತ ಮೂರು ಡಿಗ್ರಿಯಷ್ಟು ತಣ್ಣಗಾದರೂ ಹನಿ ಕಟ್ಟುತ್ತದೆ. ನಿಮ್ಮ 6 ಡಿಗ್ರಿಯ ಪೈಪ್‌ಗೆ ಕಪ್ಪು ರಬ್ಬರ್ ಫೋಮ್ ಅಥವಾ ಬಣ್ಣದ ಹೊರಮೈ ಇದ್ದರೆ ಸುಮಾರು 27 ಮಿ.ಮೀ. ದಪ್ಪ ಇದನ್ನು ತಡೆಯಬಲ್ಲದು, ಹೊಳೆಯುವ ತಗಡಿದ್ದರೆ 45 ಮಿ.ಮೀ. ಬೇಕಾಗುತ್ತದೆ. ಆರ್ದ್ರತೆ 90 ಶೇಕಡಾಕ್ಕೆ ಏರಿದರೆ ಈ ಅಂಕಿಗಳು ಕ್ರಮವಾಗಿ 42 ಮತ್ತು 67 ಮಿ.ಮೀ. ಆಗುತ್ತವೆ. ಬರೀ ಐದು ಶೇಕಡಾ ಆರ್ದ್ರತೆ ದಪ್ಪವನ್ನು ಒಂದೂವರೆ ಪಟ್ಟು ಮಾಡುತ್ತದೆ. ಆದ್ದರಿಂದ ವಿನ್ಯಾಸದ ಆರ್ದ್ರತೆಯನ್ನು ಎಷ್ಟೆಂದು ಹಿಡಿದಿದ್ದೀರಿ ಎಂದು ಗುತ್ತಿಗೆದಾರರನ್ನು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ದಪ್ಪದ ಅಂಕಿ ಊಹೆಯೆಂದೇ ತಿಳಿಯಬೇಕು.

ಈ ಮಾರ್ಗಕ್ಕೆ ಗ್ಲಾಸ್‌ವೂಲ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತೆರೆದ ಎಳೆಗಳ ವಸ್ತುವಿನಲ್ಲಿ ಆವಿ ತಡೆ ಪದರಕ್ಕೆ ಒಂದು ಸೂಜಿಯಷ್ಟು ರಂಧ್ರವಾದರೂ ನೀರಾವಿ ಅಲ್ಲಿಂದ ಒಳನುಗ್ಗಿ, ಪೈಪ್ ಮೈ ಮೇಲೆ ನೀರಾಗಿ, ಉದ್ದಕ್ಕೂ ಹರಡುತ್ತದೆ. ತಗಡಿನ ಸ್ಕ್ರೂಗಳೇ ಆ ರಂಧ್ರಗಳನ್ನು ಸಾಲಾಗಿ ಕೊರೆಯುತ್ತವೆ. ಮುಚ್ಚಿದ ಕೋಶಗಳ ನೈಟ್ರೈಲ್ ರಬ್ಬರ್ ಫೋಮ್, ಪಿಐಆರ್ (ಪಾಲಿಐಸೊಸಯನುರೇಟ್) ಫೋಮ್ ಅಥವಾ ಸೆಲ್ಯುಲರ್ ಗ್ಲಾಸ್ (ಗಾಜಿನ ನೊರೆಯ ಗಟ್ಟಿ ತುಂಡು) ಇವುಗಳಲ್ಲಿ ಒಂದನ್ನು ಆರಿಸಿ. ಪಿಐಆರ್‌ನ ಉಷ್ಣವಾಹಕತೆ ಕಡಿಮೆ, ಆದರೆ ಅದಕ್ಕೂ ಪ್ರತ್ಯೇಕ ಆವಿ ತಡೆ ಪದರ ಬೇಕೇ ಬೇಕು. ಸೆಲ್ಯುಲರ್ ಗ್ಲಾಸ್‌ನೊಳಗೆ ನೀರಾವಿ ಹೋಗುವುದೇ ಇಲ್ಲವೆನ್ನಬಹುದು, ಅಲ್ಲಿ ಚಿಂತೆ ಜೋಡಣೆಯ ಸಂದುಗಳದ್ದು ಮಾತ್ರ. ನಿಮ್ಮ ಅಳತೆಯ ಮಾರ್ಗಕ್ಕೆ ರಬ್ಬರ್ ಫೋಮ್ ಅಳವಡಿಸಲು ಸುಲಭ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಬಿರುಕು ಬಿಡಿಸುವುದರಿಂದ ಬಯಲಿನಲ್ಲಿ ತಯಾರಕರು ಸೂಚಿಸಿದ ಲೇಪನವನ್ನೋ ಹೊದಿಕೆಯನ್ನೋ ಹಾಕಲೇಬೇಕು. ತಗಡೇ ಬೇಕೆಂದಾದರೆ ಬಣ್ಣದ ತಗಡನ್ನು ಪಟ್ಟಿಗಳಿಂದ ಬಿಗಿಯಿರಿ, ಸ್ಕ್ರೂ ಹಾಕಲು ಬಿಡಬೇಡಿ.

ಅಳವಡಿಕೆಯ ಕೆಲಸ ತಗಡು ಬರುವುದಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ. ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ಮುಗಿದು, ವೆಲ್ಡ್ ಜಾಗಗಳಿಗೂ ಬಣ್ಣ ಬಳಿದಾದ ಮೇಲೆಯೇ ಹೊದಿಕೆ ಹಾಕಬೇಕು. ಹೊದಿಕೆಯೊಳಗೆ ಪೈಪ್ ಕಾಣಿಸುವುದಿಲ್ಲವೆಂದು ಒಂದು ಕೈ ರೆಡ್ ಆಕ್ಸೈಡ್ ಬಳಿದು ಮುಗಿಸುವ ಅಭ್ಯಾಸವಿದೆ. ನಿಮ್ಮ ಹಳೆಯ ಮಾರ್ಗದಲ್ಲಿ ನಡೆದಿರುವುದೂ ಇದೇ ಇರಬಹುದು. ಕಾಣದ ಪೈಪ್‌ಗೇ ಹೆಚ್ಚು ಗಟ್ಟಿಯಾದ ಬಣ್ಣ ಬೇಕು: ಬ್ಲಾಸ್ಟಿಂಗ್ ಮಾಡಿದ (ಗಟ್ಟಿ ಕಣಗಳನ್ನು ರಭಸವಾಗಿ ಚಿಮ್ಮಿಸಿ ಶುಚಿಗೊಳಿಸಿದ) ಮೈ ಮೇಲೆ, ಬಿಸಿ ನೀರಿನಲ್ಲಿ ಮುಳುಗಿದ್ದರೂ ತಾಳುವ, ನಿಮ್ಮ ತಾಪಮಾನಕ್ಕೆ ತಯಾರಕರು ಅನುಮೋದಿಸಿದ ಎಪಾಕ್ಸಿ ಫಿನಾಲಿಕ್ ಅಥವಾ ಅದಕ್ಕೆ ಸಮಾನವಾದ ಲೇಪನ. ಜಿಂಕ್ ಪ್ರೈಮರ್ ಒಂದನ್ನೇ ಬಳಿದು ಹೊದಿಕೆ ಹಾಕುವುದು ಬೇಡ, ಬಿಸಿ ಮತ್ತು ತೇವ ಎರಡೂ ಇರುವಲ್ಲಿ ಜಿಂಕ್ ಬಹುಬೇಗ ಕರಗಿಹೋಗುತ್ತದೆ. ಮುಂದೆಂದಾದರೂ ಸ್ಟೇನ್‌ಲೆಸ್ ಸ್ಟೀಲ್ ಪೈಪ್‌ಗೆ ಹೊದಿಕೆ ಹಾಕುವುದಿದ್ದರೆ ಎಎಸ್‌ಟಿಎಂ ಸಿ 795 ಮಾನದಂಡಕ್ಕೆ ಹೊಂದುವ ವಸ್ತುವನ್ನೇ ಕೇಳಿ, ಏಕೆಂದರೆ ಸುಮಾರು 50 ಡಿಗ್ರಿಯಿಂದ ಮೇಲೆ ಕ್ಲೋರೈಡ್ ಸೇರಿದ ತೇವ ಆ ಉಕ್ಕನ್ನು ಸವೆಸುವುದಿಲ್ಲ, ಸೀಳುತ್ತದೆ.

ಉಕ್ಕಿನ ಪೈಪ್ ಪ್ರತಿ 100 ಡಿಗ್ರಿಗೆ ಮೀಟರ್‌ಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ನಿಮ್ಮ ಉಗಿ ಮಾರ್ಗದ 20 ಮೀಟರ್ ನೇರ ಭಾಗ ಚಾಲೂ ಆದಾಗ ಸುಮಾರು 37 ಮಿ.ಮೀ. ಉದ್ದವಾಗುತ್ತದೆ, ಹೊದಿಕೆ ಅಷ್ಟು ಹಿಗ್ಗುವುದಿಲ್ಲ. ಒಂದೇ ಪದರವಾಗಿದ್ದರೆ ಆ ವ್ಯತ್ಯಾಸವೆಲ್ಲ ಒಂದೆರಡು ಸಂದುಗಳಲ್ಲಿ ಬಾಯಿ ತೆರೆದು, ಬಿಸಿ ಪೈಪ್ ನೇರವಾಗಿ ತಗಡಿಗೆ ಕಾಣುವಂತಾಗುತ್ತದೆ. 75 ಮಿ.ಮೀ.ಯನ್ನು 25 ಮತ್ತು 50 ಎಂದು ಎರಡು ಪದರವಾಗಿಸಿ, ಒಳಗಿನ ಸಂದಿನ ಮೇಲೆ ಹೊರಗಿನ ಸಂದು ಬಾರದಂತೆ ಜೋಡಿಸಿದರೆ ಈ ತೊಂದರೆ ಬಹುಪಾಲು ನೀಗುತ್ತದೆ. ಉದ್ದನೆಯ ನೇರ ಭಾಗಗಳಲ್ಲಿ ಸಡಿಲ ರಾಕ್‌ವೂಲ್ ತುಂಬಿದ ಹಿಗ್ಗು ಸಂದುಗಳನ್ನು ಬಿಡಬೇಕು, ಅದರ ಮೇಲಿನ ತಗಡೂ ಜಾರುವಂತಿರಬೇಕು. ಲಂಬ ಪೈಪ್‌ಗಳಲ್ಲಿ ಹೊದಿಕೆ ತನ್ನ ಭಾರಕ್ಕೆ ಕೆಳಗಿಳಿಯದಂತೆ ಆಧಾರದ ಉಂಗುರಗಳು ಬೇಕು. ಕಟ್ಟುವ ತಂತಿ ಸ್ಟೇನ್‌ಲೆಸ್ ಆಗಿರಲಿ, ಅದರ ತುದಿಗಳನ್ನು ವೂಲ್‌ನೊಳಗೆ ಮಡಿಸಿರಲಿ.

ತಗಡಿನ ಕೆಲಸದ ನಿಯಮ ಹೆಂಚು ಹೊದಿಸುವವರ ನಿಯಮವೇ: ಮೇಲಿನದು ಕೆಳಗಿನದರ ಮೇಲೆ ಬರಬೇಕು, ಬಾಯಿ ಕೆಳಮುಖವಾಗಿರಬೇಕು. ಅಡ್ಡ ಪೈಪ್‌ನಲ್ಲಿ ಉದ್ದನೆಯ ಸಂದು ಪಕ್ಕದಲ್ಲಿ, ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರಲಿ, ನೆತ್ತಿಯ ಮೇಲೆ ಎಂದೂ ಬೇಡ. ಇಳಿಜಾರಿನ ಪೈಪ್‌ನಲ್ಲಿ ಕೆಲಸವನ್ನು ತಗ್ಗಿನ ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಒಂದು ತಗಡು ಇನ್ನೊಂದರ ಮೇಲೆ 50 ಮಿ.ಮೀ.ಯಷ್ಟು ಬರಲಿ. ಆದರೆ ಅನುಭವದಲ್ಲಿ ನೀರು ನುಗ್ಗುವುದು ಇಂತಹ ನೇರ ಸಂದುಗಳಿಂದ ಅಷ್ಟಾಗಿ ಅಲ್ಲ. ತಗಡನ್ನು ತೂರಿ ಹೊರಬರುವ ಪ್ರತಿಯೊಂದು ವಸ್ತುವೂ, ಅಂದರೆ ಹ್ಯಾಂಗರ್ ಸಲಾಕೆ, ಆಧಾರದ ಶೂ, ಗೇಜ್ ನಳಿಕೆ, ವಾಲ್ವ್‌ನ ಕತ್ತು, ಫ್ಲಾಂಜ್ ಪಕ್ಕದಲ್ಲಿ ಹೊದಿಕೆ ಮುಗಿಯುವ ತುದಿ, ನೀರಿಗೆ ಬಾಗಿಲು. ಈ ಜಾಗಗಳಲ್ಲಿ ತಗಡನ್ನು ಅಂದವಾಗಿ ಕತ್ತರಿಸಿ, ಗಟ್ಟಿಯಾಗದ ಸೀಲಂಟ್ ತುಂಬಿ, ಮೇಲೊಂದು ಮಳೆ ತಡೆಯ ಕಾಲರ್ ಹಾಕಲು ತೆಗೆದುಕೊಳ್ಳುವ ಸಮಯವೇ ಒಳ್ಳೆಯ ಗುತ್ತಿಗೆದಾರರನ್ನು ಗುರುತಿಸುವ ಅಳತೆಗೋಲು. ಮೀಟರ್ ಲೆಕ್ಕದಲ್ಲಿ ಮಾತ್ರ ಹಣ ಕೊಡುವ ಒಪ್ಪಂದವಾದರೆ ಯಾರೂ ಆ ಸಮಯವನ್ನು ಕೊಡುವುದಿಲ್ಲ, ಹೀಗಾಗಿ ಈ ಜಾಗಗಳಿಗೆ ಬೇರೆಯೇ ದರ ನಿಗದಿ ಮಾಡಿ.

ಎಷ್ಟು ಕಾಪಾಡಿದರೂ ಬಿಸಿ ಮಾರ್ಗದೊಳಗೆ ಒಂದಿಷ್ಟು ನೀರು ಬಂದೇ ಬರುತ್ತದೆ ಎಂದು ಭಾವಿಸಿ, ತಗ್ಗಿನ ಸ್ಥಳಗಳಲ್ಲಿ ತಗಡಿನ ತಳಕ್ಕೆ ಸಣ್ಣ ಡ್ರೈನ್ ರಂಧ್ರಗಳನ್ನು ಬಿಡುವುದು ಒಳ್ಳೆಯದು. ತಣ್ಣನೆಯ ಮಾರ್ಗದಲ್ಲಿ ಅದೇ ರಂಧ್ರ ಅನಾಹುತ. ಒಂದೇ ತಂಡ ಎರಡೂ ಮಾರ್ಗಗಳಲ್ಲಿ ಕೆಲಸ ಮಾಡುವಾಗ ಈ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳಿ.

ವಾಲ್ವ್‌ಗಳಿಗೆ ಬಿಚ್ಚಿ ಹಾಕಬಹುದಾದ ಕವಚಗಳನ್ನು ಹೊಲಿಸಿ, ಇಲ್ಲವಾದರೆ ಮೊದಲ ರಿಪೇರಿಯಲ್ಲೇ ತಗಡು ಹರಿದು ಮೂಲೆ ಸೇರುತ್ತದೆ. ಫ್ಲಾಂಜ್‌ನ ಎರಡೂ ಬದಿ ಬೋಲ್ಟ್ ಹೊರತೆಗೆಯಲು ಬೇಕಾಗುವಷ್ಟು ಜಾಗ ಬಿಟ್ಟು ಹೊದಿಕೆಯನ್ನು ನಿಲ್ಲಿಸಿ, ಆ ತುದಿಯನ್ನು ಮುಚ್ಚಿ. ಉಗಿಯನ್ನು ತಡೆದು ಕಂಡೆನ್ಸೇಟನ್ನು ಮಾತ್ರ ಹೊರಬಿಡುವ ಥರ್ಮೋಸ್ಟಾಟಿಕ್ ಸ್ಟೀಮ್ ಟ್ರ್ಯಾಪ್‌ಗೂ ಅದರ ಹಿಂದಿನ ತುಂಡು ಪೈಪ್‌ಗೂ ಹೊದಿಕೆ ಹಾಕಬಾರದು, ಕಂಡೆನ್ಸೇಟ್ ತಣಿದರೆ ಮಾತ್ರ ಆ ಟ್ರ್ಯಾಪ್ ತೆರೆದುಕೊಳ್ಳುತ್ತದೆ. ಥರ್ಮಿಕ್ ಫ್ಲೂಯಿಡ್ (ಶಾಖ ಒಯ್ಯುವ ಬಿಸಿ ಎಣ್ಣೆ) ಮಾರ್ಗವೂ ನಿಮ್ಮಲ್ಲಿ ಇದ್ದರೆ, ಸೋರಬಹುದಾದ ಫ್ಲಾಂಜ್‌ಗಳ ಸುತ್ತ ವೂಲ್ ಬೇಡವೇ ಬೇಡ. ಎಣ್ಣೆ ಹೀರಿದ ವೂಲ್ ತಾನಾಗಿ ಹೊತ್ತಿಕೊಳ್ಳಬಲ್ಲದು.

ಚಿಲ್ಡ್ ವಾಟರ್ ಪೈಪ್‌ಗೆ ರಬ್ಬರ್ ಫೋಮ್ ಹಾಕುವಾಗ ಮಾರ್ಗ ನಿಂತಿರಬೇಕು, ಪೈಪ್ ಮೈ ಒಣಗಿರಬೇಕು, ಪ್ರತಿ ಸಂದಿನ ಎರಡೂ ಮುಖಗಳಿಗೆ ಅಂಟು ಬಳಿದು ಒತ್ತಿರಬೇಕು, ಎಳೆದು ಹಿಗ್ಗಿಸಿ ಸೇರಿಸಿರಬಾರದು. ಕೆಲವು ಮೀಟರ್‌ಗೊಮ್ಮೆ ಮತ್ತು ಪ್ರತಿ ವಾಲ್ವ್‌ನ ಪಕ್ಕದಲ್ಲಿ ಫೋಮ್‌ನ ತುದಿಯನ್ನು ಪೈಪ್‌ಗೇ ಅಂಟಿಸಿ ಕೋಣೆ ಕೋಣೆಯಾಗಿ ವಿಂಗಡಿಸಿದರೆ, ಒಂದು ಕಡೆ ಒಳಬಂದ ನೀರು ಅಲ್ಲಿಯೇ ನಿಲ್ಲುತ್ತದೆ. ಆಧಾರಗಳಲ್ಲಿ ಪೈಪ್ ನೇರವಾಗಿ ಕಬ್ಬಿಣದ ಮೇಲೆ ಕುಳಿತರೆ ಆ ಕಬ್ಬಿಣ ಬೆವರುತ್ತದೆ. ಅಲ್ಲಿ ಭಾರ ಹೊರುವ ಸಾಂದ್ರ ಫೋಮ್‌ನ ತುಂಡುಗಳನ್ನು ಇಟ್ಟು, ಹೊದಿಕೆಯನ್ನು ಅವುಗಳಿಗೆ ಅಂಟಿಸಿ ಮುಂದುವರಿಸಿ.

ಕೆಲಸ ನಡೆಯುವ ದಿನಗಳಲ್ಲಿ ಒಂದೇ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ನಿಮ್ಮ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ: ಸಂಜೆಯೊಳಗೆ ತಗಡು ಮುಚ್ಚಲು ಆಗುವಷ್ಟು ಉದ್ದಕ್ಕೆ ಮಾತ್ರ ಬೆಳಿಗ್ಗೆ ವೂಲ್ ಹಾಕಬೇಕು. ಚಾಲೂ ಮಾಡಿದ ಮೇಲೆ ಥರ್ಮಲ್ ಕ್ಯಾಮೆರಾದಿಂದ ಪರೀಕ್ಷಿಸಬಹುದು, ಆದರೆ ಹೊಳೆಯುವ ತಗಡು ಕ್ಯಾಮೆರಾವನ್ನು ವಂಚಿಸುತ್ತದೆ. ಅದು ಆಕಾಶದ ಅಥವಾ ಪಕ್ಕದ ಯಂತ್ರದ ಬಿಂಬವನ್ನೇ ತೋರಿಸುತ್ತಿರುತ್ತದೆ. ಅಲ್ಲಲ್ಲಿ ಮಂಕು ಮೈಯ ಟೇಪ್ ಅಂಟಿಸಿ, ಅದರ ಮೇಲಿನ ಅಳತೆಯನ್ನು ಮಾತ್ರ ನಂಬಿ.

ಇನ್ನು ಹಳೆಯ ಮಾರ್ಗದ ಮಾತು. ಅದರ ಹೊದಿಕೆಯನ್ನು ಬಿಚ್ಚುವ ಮೊದಲು, ಅದು ಹಾಕಿದ ಕಾಲ ಖಚಿತವಾಗಿ ಗೊತ್ತಿಲ್ಲದಿದ್ದರೆ, ಒಂದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಅದರಲ್ಲಿ ಕಲ್ನಾರು ಇಲ್ಲವೆಂದು ದೃಢಪಡಿಸಿಕೊಳ್ಳಿ. ಹಳೆಯ ಕಾರ್ಖಾನೆಗಳ ಉಗಿ ಪೈಪ್‌ಗಳ ಮೇಲೆ ಅದು ಸಾಮಾನ್ಯವಾಗಿತ್ತು ಮತ್ತು ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬಳಿಕ ತಗ್ಗಿನ ಜಾಗ, ಆಧಾರದ ಶೂ ಮತ್ತು ಲಂಬ ಪೈಪ್‌ನ ಬುಡಗಳಲ್ಲಿ ಮೊದಲು ತೆರೆದು, ಅಲ್ಟ್ರಾಸಾನಿಕ್ ಮಾಪಕದಿಂದ ಪೈಪ್‌ನ ಉಳಿದ ದಪ್ಪವನ್ನು ಅಳೆಯಿರಿ. ಒತ್ತಡದಲ್ಲಿರುವ ಪೈಪ್ ಮೇಲೆ ತುಕ್ಕಿನ ಪದರವನ್ನು ಸುತ್ತಿಗೆಯಿಂದ ಬಡಿದು ತೆಗೆಯಲು ಯಾರಿಗೂ ಅವಕಾಶ ಕೊಡಬೇಡಿ, ಆ ಪದರದ ಹಿಂದೆ ಎಷ್ಟು ಉಕ್ಕು ಉಳಿದಿದೆ ಎಂಬುದು ಅಳೆಯುವವರೆಗೂ ತಿಳಿಯುವುದಿಲ್ಲ. ಮಾರ್ಗವನ್ನು ನಿಲ್ಲಿಸಿ, ಒತ್ತಡ ಇಳಿಸಿಯೇ ಆ ಕೆಲಸಕ್ಕೆ ಕೈ ಹಾಕಬೇಕು.